ಪೇಂಟಿನ ಗೆರೆ ಹಿಡಿಯಲು ಟ್ಯೂಬ್‌ಲೈಟೋ, ಕೈದೀಪವೋ?

ತುಮಕೂರಿನ ಧೂಳನ್ನು ಒಣಬಟ್ಟೆಯಲ್ಲಿ ಒರೆಸಿದ ಕಪ್ಪು ಕಾರು ಟ್ಯೂಬ್‌ಲೈಟಿನ ಕೆಳಗೆ ಹೊಸದರಂತೆ ಕಾಣುತ್ತದೆ. ಬಿಸಿಲಿಗೆ ತಂದರೆ ಬಾನೆಟ್ ತುಂಬಾ ಜೇಡರ ಬಲೆಯಂಥ ಸಣ್ಣ ಗೆರೆಗಳು. ಟ್ಯೂಬಿನ ಬೆಳಕು ಹರಡಿಕೊಂಡು ಬೀಳುವುದರಿಂದ ಸಣ್ಣ ಗೆರೆ ಕಣ್ಣಿಗೆ ಬೀಳುವುದಿಲ್ಲ. ಡೆಂಟ್ ಹುಡುಕಲು ಮಾತ್ರ ಅದೇ ಸರಿ: ಬಾಗಿಲ ಮೇಲಿನ ಟ್ಯೂಬಿನ ಪ್ರತಿಬಿಂಬ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲೇ ತಗ್ಗು.

ಶೆಡ್ಡಿನಲ್ಲಿ ಟ್ಯೂಬ್ ಆಗಲೇ ಇದ್ದರೆ ದುಡ್ಡನ್ನು ಕೈದೀಪಕ್ಕೇ ಹಾಕಿ. ಒಂದೇ ಚಿಪ್ ಇರುವ ಎಲ್‌ಇಡಿ, ಬೆಳಕಿನ ಬಣ್ಣ 5000 ಕೆಲ್ವಿನ್ ಆಸುಪಾಸು (ಹಗಲಿನಂಥ ಬಿಳುಪು). ಟಚಪ್ ಬಣ್ಣ ಹೊಂದಿಸುವುದೂ ಇದ್ದರೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಮೇಲಿರಲಿ. ಉಳಿದ ದೀಪ ಆರಿಸಿ, ಓರೆಯಾಗಿ ಹಿಡಿದು, ನಿಧಾನವಾಗಿ ಸರಿಸಿ. ಅದಕ್ಕೂ ಮೊದಲು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಲೇಬೇಕು. ಪಾಲಿಶ್ ಎಣ್ಣೆ ಗೆರೆಯೊಳಗೆ ಕೂತಿದ್ದರೆ ಎಂಥ ದೀಪಕ್ಕೂ ಅದು ಸಿಗುವುದಿಲ್ಲ.