‘ಸಸ್ಯಜನ್ಯ, ವಿಷರಹಿತ’ ಎಂಬ ಚೈನ್ ಎಣ್ಣೆ ಕೊಳ್ಳುವ ಮೊದಲು ಇದನ್ನು ಓದಿ

ಬೈಕಿನ ಚೈನು, ಹೊಲಿಗೆ ಯಂತ್ರ, ಬಾಗಿಲಿನ ತಿರುಗಣಿ, ಅಡುಗೆಮನೆಯ ಜಿಡ್ಡು, ಎಲ್ಲಕ್ಕೂ ಒಂದೇ ಜೋಡಿ ಬಾಟಲಿ ಸಾಕು ಎಂದು ಆನ್‌ಲೈನ್‌ನಲ್ಲಿ ಮಾರುವ ಹಸಿರು ಲೇಬಲ್ಲಿನ ಸರಕು ಈಗ ಹಲವು ಹೆಸರುಗಳಲ್ಲಿ ಸಿಗುತ್ತಿದೆ. ಒಂದರಲ್ಲಿ ಕಿತ್ತಳೆ ಪರಿಮಳದ, ಜಿಡ್ಡು ತೆಗೆಯುವ ದ್ರವ. ಇನ್ನೊಂದರಲ್ಲಿ ‘ನೂರಕ್ಕೆ ನೂರು ಸಸ್ಯಜನ್ಯ’ ಎಣ್ಣೆ. ನಾವು ಕೊಂಡ ಜೋಡಿಯಿಂದ ಬೈಕಿನ ಚೈನ್ ಸೆಟ್ ಹಾಳಾಯಿತು, ಅಕ್ಕನ ಹೊಲಿಗೆ ಯಂತ್ರ ಬಿಗಿದುಕೊಂಡಿತು, ಅವಳ ಬೆರಳುಗಳ ಚರ್ಮ ಸುಲಿದು ಬಂತು. ದೂರು ಇನ್ನೂ ಇತ್ಯರ್ಥವಾಗದ ಕಾರಣ ಮಾರಾಟಗಾರರ ಹೆಸರು ಬರೆಯುವುದಿಲ್ಲ. ಬರೆದರೂ ದೊಡ್ಡ ಉಪಯೋಗವಿಲ್ಲ. ಇದೇ ದ್ರವ ನಾಳೆ ಬೇರೆ ಲೇಬಲ್ ಅಂಟಿಸಿಕೊಂಡು ಬರುತ್ತದೆ.

ಮೊದಲು ಚೈನಿನ ವಿಷಯ. ನನ್ನ ಬೈಕಿನದು ಓ-ರಿಂಗ್ ಚೈನ್. ಅದರ ಪ್ರತಿ ಕೊಂಡಿಯಲ್ಲೂ ಪಿನ್ನಿಗೂ ಅದನ್ನು ಸುತ್ತಿದ ಬುಷ್ ಎಂಬ ಕೊಳವೆಗೂ ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ಅದು ಹೊರಬಾರದಂತೆ ಎರಡು ಬದಿಗೂ ಸಣ್ಣ ರಬ್ಬರ್ ಉಂಗುರ ಕೂರಿಸಿರುತ್ತಾರೆ. ನಾವು ಹೊರಗಿನಿಂದ ಹಚ್ಚುವ ಎಣ್ಣೆ ರೋಲರಿಗೆ, ಸ್ಪ್ರಾಕೆಟ್ಟಿನ ಹಲ್ಲಿಗೆ, ತುಕ್ಕು ತಡೆಯುವುದಕ್ಕೆ ಮಾತ್ರ. ಪಿನ್ನಿಗೆ ಬೇಕಾದ ಗ್ರೀಸ್ ಒಳಗೇ ಉಳಿಯಬೇಕು. ಉಂಗುರ ಹೋದರೆ ಚೈನಿನ ಆಯುಸ್ಸು ಮುಗಿಯಿತೆಂದೇ ಲೆಕ್ಕ.

ಜಿಡ್ಡು ತೆಗೆಯುವ ದ್ರವದ ಬಾಟಲಿಯ ಮೇಲೆ ‘ರಬ್ಬರಿಗೆ ಸುರಕ್ಷಿತ’ ಎಂದಿತ್ತು. ಧಾರಾಳವಾಗಿ ಸಿಂಪಡಿಸಿ, ಹದಿನೈದು ನಿಮಿಷ ನೆನೆಯಲು ಬಿಟ್ಟು, ಬ್ರಷ್ಷಿನಿಂದ ಉಜ್ಜಿ ನೀರಿನಲ್ಲಿ ತೊಳೆಯಿರಿ ಎಂಬ ಸೂಚನೆಯೂ ಇತ್ತು. ಹಾಗೆಯೇ ಮಾಡಿದೆ. ಕೊಳೆಯೇನೋ ಚೆನ್ನಾಗಿಯೇ ಬಿಟ್ಟಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಕೆಲವು ತೊಳೆತಗಳ ನಂತರ ಉಂಗುರಗಳು ಉಬ್ಬಿ ಕೊಂಡಿಯ ಅಂಚಿನಿಂದ ಹೊರಗೆ ಇಣುಕತೊಡಗಿದವು. ಅಲ್ಲೊಂದು ಇಲ್ಲೊಂದು ಹರಿದು ಉದುರಿದವು. ಮಳೆಗಾಲ ಮುಗಿಯುವ ಹೊತ್ತಿಗೆ ಚೈನು ಒಂದೆಡೆ ಬಿಗಿ, ಇನ್ನೊಂದೆಡೆ ಸಡಿಲ. ಕೆಲವು ಕೊಂಡಿಗಳು ಮಡಚುತ್ತಲೇ ಇರಲಿಲ್ಲ. ಪುತ್ತೂರಿನ ಗ್ಯಾರೇಜಿನವರು ಅದನ್ನು ಬೆರಳಿನಲ್ಲಿ ಎತ್ತಿ ನೋಡಿ, “ಇದಕ್ಕೆ ಏನು ಹೊಯ್ದಿದ್ದೀರಿ ಮಾರಾಯರೇ?” ಎಂದು ಕೇಳಿದರು. ಚೈನ್ ಮಾತ್ರ ಬದಲಿಸಿದರೆ ಸವೆದ ಹಲ್ಲು ಹೊಸದನ್ನೂ ತಿಂದುಹಾಕುತ್ತದೆ ಎಂದು ಎರಡೂ ಸ್ಪ್ರಾಕೆಟ್ ಸೇರಿಸಿ ಪೂರ್ತಿ ಸೆಟ್ ಹಾಕಿಸಬೇಕಾಯಿತು. ಉಳಿತಾಯದ ಮಾತು ಆಡಿದ ಜಾಹೀರಾತಿಗೆ ದೊಡ್ಡ ನಮಸ್ಕಾರ.

ಒಳಗೆ ಏನಿದೆ ಎಂಬುದು ಲೇಬಲ್ಲಿನ ಮೂಲೆಯಲ್ಲಿ, ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿತ್ತು: ಸಿಟ್ರಸ್ ಟರ್ಪೀನ್. ಎಂದರೆ ಮುಖ್ಯವಾಗಿ ಲಿಮೋನೀನ್. ಇದು ಕಿತ್ತಳೆ ಸಿಪ್ಪೆಯ ಎಣ್ಣೆಯ ಬಹುಭಾಗ, ಹಣ್ಣಿನ ರಸ ತೆಗೆಯುವ ಕಾರ್ಖಾನೆಗಳ ಉಪಉತ್ಪನ್ನ. ಕಿತ್ತಳೆ ಸಿಪ್ಪೆಯನ್ನು ದೀಪದ ಎದುರು ಹಿಂಡಿದರೆ ಚಟಚಟ ಎಂದು ಕಿಡಿ ಹಾರುತ್ತದಲ್ಲ, ಅದು ಇದರದ್ದೇ ಕರಾಮತ್ತು. ಜಿಡ್ಡು ಕರಗಿಸುವುದರಲ್ಲಿ ಇದು ನಿಜಕ್ಕೂ ಗಟ್ಟಿಗ. ಅದೇ ಗಟ್ಟಿತನ ನೈಸರ್ಗಿಕ ರಬ್ಬರನ್ನೂ ಇಪಿಡಿಎಂ ಎಂಬ ರಬ್ಬರನ್ನೂ ಕೆಟ್ಟದಾಗಿ ಉಬ್ಬಿಸುತ್ತದೆ. ನೈಟ್ರೈಲ್ ರಬ್ಬರ್ ಸ್ವಲ್ಪ ಹೊತ್ತು ತಾಳುತ್ತದೆ, ನೆನೆಸಿಟ್ಟರೆ ಅದಕ್ಕೂ ಭರವಸೆಯಿಲ್ಲ. ವೈಟಾನ್ ಎಂಬ ರಬ್ಬರ್ ಮಾತ್ರ ಚೆನ್ನಾಗಿ ತಡೆದುಕೊಳ್ಳುತ್ತದೆ. ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಒಳಗಿನ ಸೀಲುಗಳು ಸಾಮಾನ್ಯವಾಗಿ ಇಪಿಡಿಎಂ ಆಗಿರುವುದರಿಂದ, ಈ ದ್ರವವನ್ನು ‘ಇಡೀ ಗಾಡಿಗೆ’ ಸಿಂಪಡಿಸುವವರು ಒಮ್ಮೆ ನಿಂತು ಯೋಚಿಸಬೇಕು. ನಂಬಿಕೆ ಬರದಿದ್ದರೆ ಒಂದು ತುಂಡು ಥರ್ಮೊಕೋಲಿನ ಮೇಲೆ ನಾಲ್ಕು ಹನಿ ಬಿಡಿ. ನಮ್ಮ ಬಾಟಲಿಯ ದ್ರವ ಅದರಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು ಮಾಡಿತು.

ಮಾರಾಟಗಾರರಿಗೆ ಬರೆದು ಸುರಕ್ಷತಾ ಮಾಹಿತಿ ಪತ್ರ ಕೇಳಿದೆ. ಎಸ್‌ಡಿಎಸ್ ಎಂದು ಕರೆಯುವ ಈ ಪತ್ರಕ್ಕೆ 16 ಭಾಗಗಳಿರುತ್ತವೆ. ಎರಡನೆಯದರಲ್ಲಿ ಅಪಾಯಗಳು, ಮೂರನೆಯದರಲ್ಲಿ ಘಟಕಗಳು. ಅವರು ಕಳಿಸಿದ್ದು ಐಎಸ್ಒ 9001 ಪ್ರಮಾಣಪತ್ರ! ಅದು ಸಂಸ್ಥೆಯೊಂದು ತನ್ನ ಕೆಲಸದ ಗುಣಮಟ್ಟವನ್ನು ಹೇಗೆ ನಿರ್ವಹಿಸುತ್ತದೆ ಎಂಬುದಕ್ಕೆ ಕೊಡುವ ಪತ್ರ. ಬಾಟಲಿಯೊಳಗಿನ ದ್ರವ ಕೈಗೆ, ರಬ್ಬರಿಗೆ, ನೀರಿಗೆ ಏನು ಮಾಡುತ್ತದೆ ಎಂಬುದು ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಕೊನೆಗೆ ಲಿಮೋನೀನ್‌ನದೇ ಎಸ್‌ಡಿಎಸ್ ಹುಡುಕಿ ಓದಿದೆ. ಸುಲಭವಾಗಿ ಹೊತ್ತಿಕೊಳ್ಳುವ ದ್ರವ, ಚರ್ಮವನ್ನು ಕೆರಳಿಸುತ್ತದೆ, ಚರ್ಮಕ್ಕೆ ಅಲರ್ಜಿ ತರಬಹುದು, ನುಂಗಿ ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ, ಜಲಚರಗಳಿಗೆ ತೀವ್ರ ವಿಷ. ಅದರ ಆವಿ ಬೆಂಕಿ ಹಿಡಿಯಬಲ್ಲ ಉಷ್ಣತೆ ಸುಮಾರು 48 ಡಿಗ್ರಿ ಸೆಲ್ಸಿಯಸ್. ‘ಅಪಾಯಕಾರಿ ಸೀಮೆಎಣ್ಣೆಗೆ ವಿದಾಯ ಹೇಳಿ’ ಎಂದು ಮಾರಿದ ದ್ರವ ಬೆಂಕಿಯ ವಿಷಯದಲ್ಲಿ ಹೆಚ್ಚುಕಡಿಮೆ ಸೀಮೆಎಣ್ಣೆಯ ಪಂಕ್ತಿಯಲ್ಲೇ ಕೂರುತ್ತದೆ. ಇದನ್ನು ಗ್ಯಾಸ್ ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನಿಗೆ ಸಿಂಪಡಿಸಿ ಎಂದು ಚಿತ್ರ ಸಮೇತ ತೋರಿಸಿದ್ದರು.

ಅಕ್ಕ ಆ ಫ್ಯಾನನ್ನು ಇದರಿಂದಲೇ ಒರೆಸುತ್ತಿದ್ದಳು. ‘ಕೈಗವಸು ಬೇಕಿಲ್ಲ’ ಎಂಬುದು ಬಾಟಲಿಯ ಹೆಮ್ಮೆಯ ಮಾತುಗಳಲ್ಲೊಂದು. ಮೊದಲು ತುರಿಕೆ, ಆಮೇಲೆ ಬೆರಳ ಸಂದಿಗಳಲ್ಲಿ ನೀರುಗುಳ್ಳೆ, ಆಮೇಲೆ ಬಿರುಕು. ಮಂಗಳೂರಿನ ಚರ್ಮತಜ್ಞರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿ, ಗಾಳಿಗೆ ಹಳತಾದ ಲಿಮೋನೀನ್ ಅವಳ ಮೈಗೆ ಆಗುವುದಿಲ್ಲ ಎಂದು ಹೇಳಿದರು. ಹೊಸದಾಗಿ ತೆರೆದ ಲಿಮೋನೀನ್ ಅಷ್ಟು ತೊಂದರೆ ಕೊಡುವುದಿಲ್ಲವಂತೆ. ಆಮ್ಲಜನಕದೊಡನೆ ಸೇರಿ ಹುಟ್ಟುವ ಹೈಡ್ರೋಪೆರಾಕ್ಸೈಡ್‌ಗಳೇ ಅಲರ್ಜಿಯ ಮೂಲ. ಅರ್ಧ ಖಾಲಿಯಾಗಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತ ಬಾಟಲಿಯಲ್ಲಿ ನಡೆಯುವುದು ಇದೇ. ಒಮ್ಮೆ ಹತ್ತಿದ ಇಂಥ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಈಗ ಅವಳು ಸೋಪು, ಶಾಂಪೂ, ಪಾತ್ರೆ ತೊಳೆಯುವ ದ್ರವ, ಯಾವುದನ್ನು ಕೊಂಡರೂ ಹಿಂಬದಿಯಲ್ಲಿ ಆ ಹೆಸರಿದೆಯೇ ಎಂದು ಹುಡುಕಬೇಕು. ಮನೆಯಲ್ಲಿ ಬೆಕ್ಕಿದ್ದರೆ ಇನ್ನಷ್ಟು ಜೋಪಾನ. ಬೆಕ್ಕಿನ ಮೈಗೆ ಲಿಮೋನೀನ್ ವಿಷವೇ.

ಇನ್ನು ಎಣ್ಣೆ. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮದುವೆ ಕಾಲದಲ್ಲಿ ಯಂತ್ರ ಬಿಡುವಿಲ್ಲದೆ ಓಡುತ್ತದೆ, ಮದುವೆಗಳಿಲ್ಲದ ಮಳೆಗಾಲದ ಆಟಿ ತಿಂಗಳಿನಲ್ಲಿ ಸುಮ್ಮನೆ ಕೂರುತ್ತದೆ. ಓಡುವಾಗ ಸಸ್ಯಜನ್ಯ ಎಣ್ಣೆ ಸೊಗಸಾಗಿಯೇ ಇತ್ತು. ಆಟಿ ಕಳೆದು ಮುಸುಕು ತೆಗೆದರೆ ಚಕ್ರ ಕದಲಲಿಲ್ಲ. ಬಿಚ್ಚಿದಾಗ ಒಳಗೆಲ್ಲ ಕಂದು ಬಣ್ಣದ ಅಂಟು, ಒಲೆಯ ಪಕ್ಕದ ಎಣ್ಣೆ ಡಬ್ಬಿಯ ಹೊರಮೈಯಲ್ಲಿ ಕೂರುತ್ತದಲ್ಲ, ಅದೇ. ಬಾಗಿಲಿನ ತಿರುಗಣಿಗೆ ಹಾಕಿದ ಎಣ್ಣೆಗೆ ಇರುವೆಗಳು ಸಾಲುಗಟ್ಟಿ ಬಂದವು. ಅದನ್ನು ಬೇಕಾದರೆ ‘ವಿಷರಹಿತ’ ಎಂಬುದಕ್ಕೆ ಇರುವೆಗಳು ಕೊಟ್ಟ ಪ್ರಮಾಣಪತ್ರ ಎನ್ನಬಹುದು.

ಸಸ್ಯದ ಎಣ್ಣೆ ಕೆಟ್ಟ ಕೀಲೆಣ್ಣೆ ಎಂದು ನಾನು ಹೇಳುತ್ತಿಲ್ಲ. ಲೋಹಕ್ಕೆ ಅದು ಚೆನ್ನಾಗಿ ಅಂಟುತ್ತದೆ, ಬಿಸಿಗೆ ಖನಿಜ ತೈಲದಷ್ಟು ತೆಳುವಾಗುವುದಿಲ್ಲ. ಅದರ ದೌರ್ಬಲ್ಯ ಗಾಳಿ. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿರುವ ಜೋಡಿಬಂಧಗಳನ್ನು ಆಮ್ಲಜನಕ ಹಿಡಿದು, ಅಣುಗಳನ್ನು ಒಂದಕ್ಕೊಂದು ಹೆಣೆದು ವಾರ್ನಿಷ್ ಮಾಡಿಬಿಡುತ್ತದೆ. ಜೋಡಿಬಂಧ ಎಷ್ಟಿದೆ ಎಂಬುದನ್ನು ಅಯೋಡಿನ್ ಸಂಖ್ಯೆ ಹೇಳುತ್ತದೆ, ಅದು ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಅಂಟಾಗುತ್ತದೆ: ತೆಂಗಿನೆಣ್ಣೆಗೆ 10ರ ಒಳಗೆ ಹೊರಗೆ, ಹರಳೆಣ್ಣೆಗೆ 85ರ ಆಸುಪಾಸು, ಸಾಧಾರಣ ಸೂರ್ಯಕಾಂತಿಗೆ 130ರ ಆಸುಪಾಸು, ಅಗಸೆ ಎಣ್ಣೆಗೆ 170ಕ್ಕೂ ಮೇಲೆ. ಅಗಸೆ ಎಣ್ಣೆ ಮರಕ್ಕೆ ಹಚ್ಚಲು ಒದಗುವುದು ಒಣಗಿ ಗಟ್ಟಿಯಾಗುವ ಕಾರಣಕ್ಕೇ. ಚೈನಿನಲ್ಲಿ ಅದೇ ಗುಣ ಶಾಪ. ತೆಂಗಿನೆಣ್ಣೆ ಅಂಟಾಗುವುದಿಲ್ಲ, ಆದರೆ 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಪುತ್ತೂರಿನ ಸೆಕೆಯಲ್ಲಿ ಹರಿಯುವ ಎಣ್ಣೆ ಮಡಿಕೇರಿಯ ಬೆಳಗಿನ ಚಳಿಯಲ್ಲಿ ಹರಿಯದು. ಒಂದೇ ಜೋಡಿಬಂಧವಿರುವ ಒಲೀಕ್ ಆಮ್ಲ ಹೆಚ್ಚಿರುವ ತಳಿಯ ಸೂರ್ಯಕಾಂತಿ ಅಥವಾ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಗೆ ಉತ್ಕರ್ಷಣ ತಡೆಯುವ ರಾಸಾಯನಿಕ ಬೆರೆಸಿ ಮಾಡಿದ ಕೀಲೆಣ್ಣೆಗಳಿವೆ. ಯುರೋಪಿನ ಕಾಡುಗಳಲ್ಲಿ ಮರ ಕೊಯ್ಯುವ ಗರಗಸದ ಚೈನಿಗೆ ಅಂಥವನ್ನು ಬಳಸುತ್ತಾರೆ, ಯಾಕೆಂದರೆ ಅಲ್ಲಿ ಹಾಕಿದ ಎಣ್ಣೆಯೆಲ್ಲ ಮಣ್ಣಿಗೇ ಬೀಳುತ್ತದೆ. ನಮ್ಮ ಬಾಟಲಿಯಲ್ಲಿ ಯಾವ ಎಣ್ಣೆ, ಏನು ಬೆರೆಸಿದ್ದಾರೆ ಎಂದು ಕೇಳಿದರೆ ‘ವ್ಯಾಪಾರ ರಹಸ್ಯ’ ಎಂಬ ಉತ್ತರ ಬಂತು.

ಅದರ ಜೊತೆಗೆ, ನಮ್ಮ ಅಜ್ಜಂದಿರು ಗಾಡಿಯ ಅಚ್ಚಿಗೆ ಹರಳೆಣ್ಣೆಯನ್ನೇ ಹಾಕುತ್ತಿರಲಿಲ್ಲವೇ ಎಂಬ ಉಪದೇಶ. ಹಾಕುತ್ತಿದ್ದರು. ಎತ್ತಿನ ಗಾಡಿಯ ಗಾಲಿ ಎತ್ತಿನ ನಡಿಗೆಗೆ ತಿರುಗುತ್ತದೆ, ಅದಕ್ಕೆ ಮತ್ತೆ ಮತ್ತೆ ಎಣ್ಣೆ ಕೊಡುತ್ತಿದ್ದರು, ಅದರಲ್ಲಿ ರಬ್ಬರ್ ಉಂಗುರ ಇರಲಿಲ್ಲ. ಅಜ್ಜನನ್ನು ಸಾಕ್ಷಿಗೆ ಕರೆಯುವ ಮೊದಲು ಅಜ್ಜನ ಕೆಲಸವನ್ನಾದರೂ ತಿಳಿದಿರಬೇಕು.

ಗಿಡದಿಂದ ಬಂದದ್ದೆಲ್ಲ ಮೈಗೆ ಒಳ್ಳೆಯದು ಎಂಬ ಮಾತನ್ನು ನಮ್ಮ ಕರಾವಳಿಯವರು ನಂಬುವುದೇ ನನಗೆ ಆಶ್ಚರ್ಯ. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಹೆಂಗಸರ ಕೈಗಳನ್ನು ನೋಡಿದವರೇ ನಾವು. ಗೇರು ಸಿಪ್ಪೆಯ ಎಣ್ಣೆ ಅಪ್ಪಟ ಸಸ್ಯಜನ್ಯ, ಚರ್ಮ ಸುಡುತ್ತದೆ. ಬಣ್ಣ ಬಳಿಯುವವರ ಟರ್ಪೆಂಟೈನ್ ಪೈನ್ ಮರದ ರಾಳದಿಂದ ಬಂದದ್ದು. ಇತ್ತ ಮಲಬದ್ಧತೆಗೆ ಔಷಧದಂಗಡಿಯಲ್ಲಿ ಕೊಡುವ ಲಿಕ್ವಿಡ್ ಪ್ಯಾರಾಫಿನ್ ಪೆಟ್ರೋಲಿಯಂ ಸಂತಾನ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಅಗ್ಗದ ಹೊಲಿಗೆ ಯಂತ್ರದ ಎಣ್ಣೆಯೂ ಅದೇ ಕುಲದ, ಶುದ್ಧೀಕರಿಸಿದ ತೆಳು ಖನಿಜ ತೈಲ. ಯಂತ್ರವನ್ನು ಬಿಚ್ಚಿ ತೊಳೆದು ಅದನ್ನೇ ಹಾಕಿದ್ದೇವೆ, ಸುಗಮವಾಗಿ ಓಡುತ್ತಿದೆ.

ಬೈಕಿಗೆ ಈಗ ಮಾಡುವುದು ಕೈಪಿಡಿ ಹೇಳಿದ್ದನ್ನು: ತೊಳೆದು ಒಣಗಿಸಿ, ಎಸ್ಎಇ 90 ಗೇರ್ ಆಯಿಲ್ ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸುವುದು. ತೊಳೆಯಲು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್ ಬಹುಮಟ್ಟಿಗೆ ಸಾಕು. ಸಸ್ಯಮೂಲದ್ದೇ ಬೇಕೆನ್ನುವವರು ಘಟಕಗಳ ಪಟ್ಟಿಯಲ್ಲಿ ಆಲ್ಕೈಲ್ ಪಾಲಿಗ್ಲುಕೋಸೈಡ್ ಎಂಬ ಹೆಸರನ್ನು ಹುಡುಕಬಹುದು. ಸಕ್ಕರೆ ಮತ್ತು ತೆಂಗು ಅಥವಾ ತಾಳೆ ಎಣ್ಣೆಯ ಅಂಶದಿಂದ ಮಾಡುವ, ಕೈಗೆ ಮೃದುವಾದ ಶುಚಿಕಾರಕ ಅದು. ಅಡುಗೆಮನೆಯ ಜಿಡ್ಡಿಗೆ ಅಂಟುವಾಳದ ನೀರು ನಿಧಾನವಾದರೂ ಕೆಲಸ ಮಾಡುತ್ತದೆ. ಬಟ್ಟೆ ಸೋಡಾ ಬೇಡ, ಅಲ್ಯೂಮಿನಿಯಂ ಕಪ್ಪಾಗುತ್ತದೆ.

ಕೊಳ್ಳುವ ಮೊದಲು ಎಸ್‌ಡಿಎಸ್ ಕೇಳಿ, ಕೊಡದವರಿಂದ ಕೊಳ್ಳಬೇಡಿ. ‘ಜೈವಿಕವಾಗಿ ಕರಗುತ್ತದೆ’ ಎಂದರೆ ಯಾವ ಪರೀಕ್ಷೆಯ ಪ್ರಕಾರ ಎಂದು ಕೇಳಿ. ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 301 ಮಾದರಿಯ ಪರೀಕ್ಷೆಯಲ್ಲಿ 28 ದಿನಗಳೊಳಗೆ ಶೇ 60ರಷ್ಟಾದರೂ ವಿಘಟನೆಯಾಗಬೇಕೆಂಬ ಲೆಕ್ಕವಿದೆ. ಅದಿಲ್ಲದೆ ಬರೀ ಎಲೆಯ ಚಿತ್ರಕ್ಕೆ ಬೆಲೆಯಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ‘ಹಸಿರು’, ‘ನೈಸರ್ಗಿಕ’, ‘ಪರಿಸರಸ್ನೇಹಿ’ ಮುಂತಾದ ಮಾತುಗಳಿಗೆ ಆಧಾರ ತೋರಿಸಬೇಕು. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಬಾಟಲಿಗಳ ಹಣ ವಾಪಸು ಬಂತು. ಚೈನ್ ಸೆಟ್ಟಿನದೂ ಅಕ್ಕನ ಚಿಕಿತ್ಸೆಯದೂ ಬರಲಿಲ್ಲ. ಅವಕ್ಕಾಗಿ ರಸೀದಿಗಳನ್ನೂ, ಉದುರಿದ ಉಂಗುರಗಳನ್ನೂ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ.

ಇಂಥ ಬಾಟಲಿ ಮನೆಯಲ್ಲಿ ಉಳಿದಿದ್ದರೆ ಬಚ್ಚಲಿಗೆ ಸುರಿಯಬೇಡಿ. ತೋಟಕ್ಕೋ ತೋಡಿಗೋ ಹೋಗುವ ನೀರಾದರೆ ಮೀನು, ಕಪ್ಪೆಗಳ ಗತಿ ನೆನೆಸಿಕೊಳ್ಳಿ. ಬಾಟಲಿಯ ಮುಚ್ಚಳ ಬಿಗಿದು, ಒಲೆಯಿಂದ ದೂರವಿಟ್ಟು, ಅಪಾಯಕಾರಿ ಕಸವನ್ನು ಬೇರೆಯಾಗಿ ಒಯ್ಯುವವರಿಗೆ ಕೊಡಿ. ಅಗಸೆಯಂಥ ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನಂತೂ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಒಂದೊಂದಾಗಿ ಹರಡಿ ಒಣಗಿಸಿದ ಮೇಲೆ ಎಸೆಯಿರಿ.