ಮೊದಲು ಓಟಾನಿಯೋ ಬೆಟ್ಸೋ? 2024ರ ಡಾಡ್ಜರ್ಸ್ ಬ್ಯಾಟರ್‌ಗಳ ಹೋಲಿಕೆ

2024ರ ಜೂನ್ 16ರವರೆಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಬ್ಯಾಟಿಂಗ್ ಸಾಲು ಬಹುಪಾಲು ಹೀಗಿತ್ತು: ಮೂಕಿ ಬೆಟ್ಸ್, ಶೋಹೇ ಓಟಾನಿ, ಫ್ರೆಡ್ಡಿ ಫ್ರೀಮನ್. ಆ ದಿನ ಪಿಚರ್ ಎಸೆದ ಚೆಂಡು ಬಡಿದು ಬೆಟ್ಸ್ ಅವರ ಎಡಗೈ ಮೂಳೆ ಮುರಿಯಿತು. ಮರುದಿನದಿಂದ ಓಟಾನಿ ಮೊದಲ ಸ್ಥಾನಕ್ಕೆ ಬಂದರು. ಆಗಸ್ಟ್ 12ಕ್ಕೆ ಬೆಟ್ಸ್ ಮರಳಿದಾಗ ಹಳೆಯ ಜಾಗಕ್ಕೆ ಹೋಗದೆ ಎರಡನೆಯವರಾಗಿ ಆಡಿದರು. ಒಂದೇ ಋತುವಿನಲ್ಲಿ ಒಂದೇ ತಂಡ ಎರಡೂ ಕ್ರಮಗಳನ್ನು ಆಡಿ ತೋರಿಸಿದ್ದರಿಂದ ಇದು ಹೋಲಿಕೆಗೆ ಹೇಳಿ ಮಾಡಿಸಿದಂಥ ಪ್ರಕರಣ. ಎರಡು ಕ್ರಮಗಳನ್ನೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ್ದೇವೆ. ಯಾವುದು ಎಷ್ಟು ರನ್ ತಂದುಕೊಡುತ್ತದೆ ಎಂಬುದು ಇಲ್ಲಿದೆ.

ಕ್ರಿಕೆಟ್ ಕಣ್ಣಿನಿಂದ ನೋಡುವವರಿಗೆ ಒಂದು ಮಾತು. ಇಲ್ಲಿ ಆರಂಭಿಕನಿಗೆ ಹೊಸ ಚೆಂಡಿನ ಹೊಳಪು ತೆಗೆಯುವ ಕೆಲಸವಿಲ್ಲ, ಔಟಾದರೆ ಆ ದಿನದ ಆಟ ಮುಗಿಯುವುದೂ ಇಲ್ಲ. ಒಂಬತ್ತು ಜನ ಚಕ್ರದಂತೆ ಸುತ್ತುತ್ತಲೇ ಇರುತ್ತಾರೆ. ಹಾಗಾಗಿ ಸಾಲಿನಲ್ಲಿ ಸ್ಥಾನ ತೀರ್ಮಾನಿಸುವುದು ಮುಖ್ಯವಾಗಿ ಎರಡೇ ವಿಷಯ: ವರ್ಷಕ್ಕೆ ಎಷ್ಟು ಬ್ಯಾಟಿಂಗ್ ಸರದಿ ಸಿಗುತ್ತದೆ, ಸರದಿ ಬಂದಾಗ ಬೇಸ್‌ಗಳ (ರನ್ ಗಳಿಸಲು ಓಡಿ ದಾಟಬೇಕಾದ ನೆಲೆಗಳ) ಮೇಲೆ ಯಾರಿರುತ್ತಾರೆ.

ಸರದಿಯ ಲೆಕ್ಕ ಸುಲಭ. ಪಂದ್ಯ ಮುಗಿಯುವ ಹೊತ್ತಿಗೆ ಕೊನೆಯ ಸರದಿ ಒಂಬತ್ತರಲ್ಲಿ ಯಾರದ್ದೂ ಆಗಿರಬಹುದು. 162 ಪಂದ್ಯಗಳನ್ನು 9ರಿಂದ ಭಾಗಿಸಿದರೆ 18. ಅಂದರೆ ಒಂದು ಮೆಟ್ಟಿಲು ಕೆಳಗಿಳಿದರೆ ವರ್ಷಕ್ಕೆ ಸುಮಾರು 18 ಸರದಿ ಕಡಿಮೆ. ಓಟಾನಿಯನ್ನು ಎರಡರಿಂದ ಒಂದಕ್ಕೆ ಏರಿಸಿದರೆ ಬೆಟ್ಸ್ ಕೈಯಿಂದ ಅವರ ಕೈಗೆ ಹೋಗುವುದು ಇಷ್ಟೇ.

ಈಗ ಒಂದು ಸರದಿಯ ಬೆಲೆ. ಬ್ಯಾಟಿಂಗ್ ಸರಾಸರಿ (ಪ್ರತಿ ಪ್ರಯತ್ನಕ್ಕೆ ಎಷ್ಟು ಹಿಟ್) ನೋಡಿ ಬ್ಯಾಟರ್‌ನನ್ನು ಅಳೆದರೆ ಒಂದೇ ಬೇಸ್ ತರುವ ಸಿಂಗಲ್‌ಗೂ ನಾಲ್ಕೂ ಬೇಸ್ ಸುತ್ತಿಸುವ ಹೋಮ್ ರನ್‌ಗೂ ಒಂದೇ ಬೆಲೆ, ವಾಕ್‌ಗೆ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಉಚಿತ ಮೊದಲ ಬೇಸ್‌ಗೆ) ಬೆಲೆಯೇ ಇಲ್ಲ. ಆರ್‌ಬಿಐ (ಬ್ಯಾಟರ್‌ನ ಆಟದಿಂದ ತಂಡಕ್ಕೆ ಬಂದ ರನ್) ನೋಡಿದರೆ ಇವರಿಗಿಂತ ಮೊದಲು ಆಡಿದವರು ಬೇಸ್ ತಲುಪಿದ ಪುಣ್ಯವೂ ಇವರ ಖಾತೆಗೆ ಸೇರುತ್ತದೆ. ಆದ್ದರಿಂದ ಪ್ರತಿ ಫಲಿತಾಂಶಕ್ಕೂ ಅದು ತರುವ ರನ್‌ಗೆ ತಕ್ಕ ತೂಕ ಹಾಕಿ, ಸರದಿಗಳಿಂದ ಭಾಗಿಸಿದ ಲೆಕ್ಕವೇ ಬೇಕು. 2024ಕ್ಕೆ ತೂಕಗಳು ಸುಮಾರು ಹೀಗೆ: ವಾಕ್ 0.69, ಚೆಂಡು ಬಡಿದು ಸಿಕ್ಕ ಬೇಸ್ 0.72, ಸಿಂಗಲ್ 0.88, ಡಬಲ್ 1.25, ಟ್ರಿಪಲ್ 1.59, ಹೋಮ್ ರನ್ 2.05.

ಓಟಾನಿಯದ್ದನ್ನೇ ಬಿಡಿಸಿ ನೋಡೋಣ. 197 ಹಿಟ್‌ಗಳಲ್ಲಿ 38 ಡಬಲ್, 7 ಟ್ರಿಪಲ್, 54 ಹೋಮ್ ರನ್. ಇವನ್ನು ಕಳೆದರೆ ಉಳಿದದ್ದು 98 ಸಿಂಗಲ್. ವಾಕ್ 81, ಆದರೆ ಅದರಲ್ಲಿ 10 ಎದುರಾಳಿ ಬೇಕೆಂದೇ ಕೊಟ್ಟವು. ಅವನ್ನು ಮೇಲಿನ ಮೊತ್ತದಿಂದಲೂ ಕೆಳಗಿನ ಭಾಜಕದಿಂದಲೂ (ಲೆಕ್ಕಕ್ಕೆ ಬರುವ ಸರದಿಗಳಿಂದ) ತೆಗೆಯಬೇಕು. ಕೈಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಒಂದು ಕಡೆ ಮಾತ್ರ ತೆಗೆದು ಬಿಡುತ್ತಾರೆ, ಉತ್ತರ ಸುಳ್ಳಾಗುತ್ತದೆ. ಎರಡೂ ಕಡೆ ಸರಿಯಾಗಿ ತೆಗೆದರೆ ಮೊತ್ತ ಸುಮಾರು 309, ಭಾಜಕ 718, ಫಲ 0.43. ಲೀಗಿನ ಸರಾಸರಿ 0.310. ವ್ಯತ್ಯಾಸವನ್ನು ರನ್ ಲೆಕ್ಕಕ್ಕೆ ತರಲು 1.24ರಿಂದ ಭಾಗಿಸಿ ಅವರ 731 ಸರದಿಗಳಿಂದ ಗುಣಿಸಿದರೆ, ಸಾಧಾರಣ ಬ್ಯಾಟರ್‌ಗಿಂತ 70 ರನ್‌ಗೂ ಹೆಚ್ಚು. ಹತ್ತು ರನ್‌ಗೆ ಒಂದು ಗೆಲುವು ಎಂಬುದು ಈ ಆಟದ ಸ್ಥೂಲ ಲೆಕ್ಕ. ಏಳು ಗೆಲುವು ಒಬ್ಬರ ಬ್ಯಾಟ್‌ನಿಂದಲೇ ಬಂತು. ಇದಕ್ಕೆ ಕಾಲಿನ ಕೆಲಸವನ್ನೂ ಸೇರಿಸಬೇಕು. ಓಟಾನಿ 59 ಬೇಸ್ ಕದ್ದರು (ಹೊಡೆತವಿಲ್ಲದೆಯೇ ಓಡಿ ಮುಂದಿನ ಬೇಸ್ ಹಿಡಿದರು), ಸಿಕ್ಕಿಬಿದ್ದದ್ದು 4 ಸಲ ಮಾತ್ರ. ಕದ್ದ ಬೇಸ್‌ಗೆ 0.2 ರನ್ ಕೂಡಿಸಿ, ಸಿಕ್ಕಿಬಿದ್ದದ್ದಕ್ಕೆ 0.4 ಕಳೆದರೆ ಇನ್ನೂ ಹತ್ತು ರನ್.

ಇದೇ ಲೆಕ್ಕದಲ್ಲಿ ಬೆಟ್ಸ್ 0.37ರ ಹತ್ತಿರ ಬರುತ್ತಾರೆ. 1.24ರಿಂದ ಭಾಗಿಸಿದ ಮೇಲೆ ಇಬ್ಬರ ನಡುವೆ ಸರದಿಗೆ 0.05 ರನ್‌ಗಿಂತ ಸ್ವಲ್ಪ ಕಡಿಮೆ ಅಂತರ. ಅದನ್ನು 18 ಸರದಿಗೆ ಗುಣಿಸಿದರೆ ಇಡೀ ವರ್ಷಕ್ಕೆ ಒಂದು ರನ್ನೂ ಆಗುವುದಿಲ್ಲ! ಅದರಲ್ಲೂ ಸ್ವಲ್ಪ ವಾಪಸ್ ಕೊಡಬೇಕಾಗುತ್ತದೆ. ಮೊದಲ ಸ್ಥಾನದಲ್ಲಿ ಪ್ರತಿ ಪಂದ್ಯದ ಮೊದಲ ಸರದಿ ಖಾಲಿ ಬೇಸ್‌ಗಳ ಮುಂದೆಯೇ ಬರುತ್ತದೆ, ಆಗ ಹೊಡೆದ ಹೋಮ್ ರನ್‌ಗೆ ಒಂದೇ ರನ್. ಎರಡನೆಯವರಾಗಿದ್ದರೆ ನೂರರಲ್ಲಿ ಸುಮಾರು 33 ಸಲ ಬೆಟ್ಸ್ ಬೇಸ್ ಮೇಲಿರುತ್ತಿದ್ದರು. ಮುಂದಿನ ಸುತ್ತುಗಳಲ್ಲೂ ಓಟಾನಿ ಬರುವುದು ಎಂಟು, ಒಂಬತ್ತನೆಯವರ ಹಿಂದೆ, ಸಾಲಿನ ದುರ್ಬಲ ತುದಿಯ ನಂತರ.

ಹಾಗಾದರೆ ಯಾವುದು ಮೇಲು? ಓಟಾನಿ ಮೊದಲು ಎನ್ನುವುದೇ ನಮ್ಮ ಆಯ್ಕೆ, ಆದರೆ ಲಾಭ ಕೂದಲೆಳೆಯಷ್ಟು. ನಿಜವಾದ ನಷ್ಟ ಬೇರೆ ಕಡೆ ಇದೆ. ಬೆಟ್ಸ್ ಆ ವರ್ಷ ಆಡಿದ್ದು 116 ಪಂದ್ಯ, ತಪ್ಪಿದ್ದು 46. ಪಂದ್ಯಕ್ಕೆ ನಾಲ್ಕೂವರೆ ಸರದಿಯಂತೆ ಸುಮಾರು 207 ಸರದಿ ಕೈತಪ್ಪಿದವು. ಸರದಿಗೆ 0.05 ರನ್ ಎಂದರೂ ಹತ್ತು ರನ್ ಹೋಯಿತು, ಅದೂ ಅವರ ಜಾಗಕ್ಕೆ ಬಂದವರು ಲೀಗಿನ ಸರಾಸರಿ ಮಟ್ಟದವರು ಎಂದು ಹಿಡಿದರೆ. ಒಳಚೆಂಡಿಗೆ ಕೈ ಕೊಟ್ಟ ಆ ಒಂದು ಕ್ಷಣದ ಬೆಲೆ, ಒಂದೆರಡು ಸ್ಥಾನ ಅದಲುಬದಲು ಮಾಡಿ ಸಿಗುವ ಲಾಭದ ಹತ್ತು ಪಟ್ಟು. ಕ್ರಮದ ಬಗ್ಗೆ ಗಂಟೆಗಟ್ಟಲೆ ವಾದಿಸುವವರು ಮೊದಲು ಕೇಳಬೇಕಾದದ್ದು ಒಂಬತ್ತು ಜನ ಯಾರು, ಎಷ್ಟು ದಿನ ಆಡುತ್ತಾರೆ ಎಂದು.

ಮೂರು, ನಾಲ್ಕನೇ ಸ್ಥಾನಗಳ ಪ್ರಶ್ನೆ ಇದಕ್ಕಿಂತ ಸ್ವಾರಸ್ಯದ್ದು. ಫ್ರೀಮನ್ ಮತ್ತು ಟೆಯೋಸ್ಕರ್ ಹರ್ನಾಂಡೆಜ್ ಇಬ್ಬರದ್ದೂ ತೂಕದ ಲೆಕ್ಕ 0.36ರ ಆಸುಪಾಸು. ಆದರೆ ಬಂದ ದಾರಿ ಬೇರೆ ಬೇರೆ. ಫ್ರೀಮನ್ 80 ವಾಕ್, 35 ಡಬಲ್, 22 ಹೋಮ್ ರನ್. ಬೇಸ್ ತಲುಪುವ ಪ್ರಮಾಣ 0.378. ಹರ್ನಾಂಡೆಜ್ 53 ವಾಕ್, 33 ಹೋಮ್ ರನ್. ಬೇಸ್ ತಲುಪುವುದು 0.339. ಸ್ಟ್ರೈಕ್‌ಔಟ್ (ಚೆಂಡು ಮೈದಾನಕ್ಕೆ ಹೋಗದೆಯೇ ಔಟ್) ಆದದ್ದು 188 ಸಲ, 652 ಸರದಿಗಳಲ್ಲಿ. ಫ್ರೀಮನ್ 638ರಲ್ಲಿ 102. ಬೆಟ್ಸ್ 516ರಲ್ಲಿ ಬರೀ 57.

ಓಟಾನಿಯ ಬೇಸ್ ಪ್ರಮಾಣ 0.390, ಬೆಟ್ಸ್ 0.372. ಇಬ್ಬರೂ ಬೇಸ್ ತಲುಪದಿರುವ ಸಾಧ್ಯತೆ 0.610 × 0.628, ಅಂದರೆ ಶೇ 38. ಅಷ್ಟು ಪಂದ್ಯಗಳಲ್ಲಿ ಮೂರನೆಯವರು ಮೊದಲ ಇನಿಂಗ್ಸ್‌ನಲ್ಲಿ ಎದುರಿಸುವುದು ಎರಡು ಔಟ್ (ಮೂರಕ್ಕೆ ಇನಿಂಗ್ಸ್ ಮುಗಿಯುತ್ತದೆ), ಖಾಲಿ ಬೇಸ್. ಅಂಥ ಹೊತ್ತಿನಲ್ಲಿ ವಾಕ್ ಸಿಕ್ಕರೂ ಆ ಇನಿಂಗ್ಸ್‌ನಲ್ಲಿ ಇನ್ನು ಬರಬಹುದಾದ ರನ್‌ಗಳ ನಿರೀಕ್ಷೆ ಏರುವುದು 0.12 ರನ್‌ನಷ್ಟೇ. ಔಟೇ ಇಲ್ಲದಾಗ ಸಿಗುವ ವಾಕ್‌ಗೆ ಅದರ ಸುಮಾರು ಮೂರು ಪಟ್ಟು ಬೆಲೆ. ಹೋಮ್ ರನ್‌ಗಾದರೋ ಎಷ್ಟು ಔಟ್ ಆಗಿದ್ದರೂ ಒಂದು ರನ್ ಖಾತ್ರಿ. ಕಾಗದದ ಲೆಕ್ಕದಲ್ಲಿ ಹರ್ನಾಂಡೆಜ್ ಮೂರು, ಫ್ರೀಮನ್ ನಾಲ್ಕು ಎನಿಸುವುದು ಇದರಿಂದಲೇ. ಮೂರನೇ ಬೇಸ್‌ನಲ್ಲಿ ಓಟಗಾರ, ಒಂದೇ ಔಟ್ ಎಂಬ ಸ್ಥಿತಿಯೂ ಇದನ್ನೇ ಹೇಳುತ್ತದೆ. ಅಲ್ಲಿ ನಿರೀಕ್ಷೆ ಸುಮಾರು 0.95 ರನ್, ಸ್ಟ್ರೈಕ್‌ಔಟ್ ಆದರೆ 0.36ಕ್ಕೆ ಕುಸಿಯುತ್ತದೆ. ಚೆಂಡನ್ನು ಹೇಗಾದರೂ ಬ್ಯಾಟ್‌ಗೆ ತಾಗಿಸಿ ಮೈದಾನಕ್ಕೆ ಕಳಿಸುವವರು ಬೇಕಾದ ಜಾಗ ಅದು, ಅಂಥ ಸ್ಥಿತಿ ನಾಲ್ಕನೆಯವರ ಮುಂದೆ ಹೆಚ್ಚು ಬರುತ್ತದೆ.

ಆದರೂ ನಾವು ಫ್ರೀಮನ್‌ರನ್ನು ಮೂರರಲ್ಲೇ ಇಡುತ್ತೇವೆ, ಕಾರಣ ಎಡ-ಬಲ. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್, ಬಲಗೈಯವರಿಗೆ ಬಲಗೈ ಪಿಚರ್ ಸಾಮಾನ್ಯವಾಗಿ ಹೆಚ್ಚು ಕಷ್ಟ. ಓಟಾನಿ ಎಡಗೈ, ಬೆಟ್ಸ್ ಬಲಗೈ, ಫ್ರೀಮನ್ ಎಡಗೈ, ಹರ್ನಾಂಡೆಜ್ ಬಲಗೈ. 2020ರಿಂದ ಬದಲಿ ಪಿಚರ್ ಕನಿಷ್ಠ ಮೂವರನ್ನು ಎದುರಿಸಬೇಕು, ಇಲ್ಲವೇ ಆ ಅರ್ಧ ಇನಿಂಗ್ಸ್ ಮುಗಿಯಬೇಕು. ಎಡ-ಬಲ ಹೆಣೆದ ಸಾಲಿನೆದುರು ಎಡಗೈ ಪಿಚರ್ ತಂದರೆ ನಡುವೆ ಒಬ್ಬ ಬಲಗೈ ಬ್ಯಾಟರ್ ಬಂದೇ ಬರುತ್ತಾನೆ. ಬೆಟ್ಸ್ ನಂತರ ಹರ್ನಾಂಡೆಜ್ ಬಂದರೆ ಬಲಗೈಯವರು ಇಬ್ಬರು ಒಟ್ಟಿಗೆ, ಒಬ್ಬ ಬಲಗೈ ಪಿಚರ್ ಸಾಕು.

ಈ ಹೆಣಿಗೆ ಎದುರಾಳಿಯನ್ನು ಎಂಥ ಇಕ್ಕಟ್ಟಿಗೆ ತಳ್ಳುತ್ತದೆ ಎಂಬುದನ್ನು 2024ರ ಅಕ್ಟೋಬರ್ 25ರಂದು, ವಿಶ್ವ ಸರಣಿಯ (ಋತುವಿನ ಅಂತಿಮ ಹಣಾಹಣಿಯ) ಮೊದಲ ಪಂದ್ಯದಲ್ಲಿ ನೋಡಬಹುದು. ಹತ್ತನೇ ಇನಿಂಗ್ಸ್, ಎದುರಾಳಿ ಯಾಂಕೀಸ್ 3–2 ಮುಂದೆ, ಇಬ್ಬರು ಡಾಡ್ಜರ್ಸ್ ಓಟಗಾರರು ಬೇಸ್‌ಗಳ ಮೇಲೆ, ಒಂದು ಔಟ್. ಓಟಾನಿಗಾಗಿ ಎಡಗೈಯ ನೆಸ್ಟರ್ ಕೋರ್ಟೆಸ್ ಬಂದರು. ಮೊದಲ ಚೆಂಡಿಗೇ ಓಟಾನಿ ಎಡಬದಿಯ ಫೌಲ್ ಗೆರೆಯಾಚೆ ಎತ್ತಿ ಹೊಡೆದರು, ಅಲೆಕ್ಸ್ ವರ್ಡೂಗೊ ಹಿಡಿದು ಪ್ರೇಕ್ಷಕರ ನಡುವೆ ಉರುಳಿದರು. ಹಿಡಿದವರು ಮೈದಾನದ ಹೊರಗೆ ಬಿದ್ದರೆ ಓಟಗಾರರಿಗೆ ಒಂದೊಂದು ಬೇಸ್ ಸಿಗುತ್ತದೆ. ಮೊದಲ ಬೇಸ್ ಖಾಲಿಯಾಯಿತು. ಬಲಗೈಯ ಬೆಟ್ಸ್ ಬೇಡವೆಂದು ಬೇಕೆಂದೇ ವಾಕ್ ಕೊಟ್ಟರು, ಎಡಗೈಗೆ ಎಡಗೈ ಸಿಗಲೆಂದು ಫ್ರೀಮನ್‌ರನ್ನು ಆರಿಸಿಕೊಂಡರು. ಪುಸ್ತಕದ ಪ್ರಕಾರ ಸರಿಯಾದ ನಡೆ. ಸೆಪ್ಟೆಂಬರ್ 26ರಂದು ಕಣಕಾಲು ಉಳುಕಿಸಿಕೊಂಡು ಅದರ ಮೇಲೇ ಆಡುತ್ತಿದ್ದ ಫ್ರೀಮನ್ ಮೊದಲ ಚೆಂಡನ್ನೇ ಬಲಬದಿಯ ಗ್ಯಾಲರಿಗೆ ಕಳಿಸಿದರು. ಮೂರೂ ಬೇಸ್ ತುಂಬಿದ್ದರಿಂದ ನಾಲ್ಕು ರನ್, 6–3.