ದುಬಾರಿ ಸೀರೆ ಅಂಗಡಿ, ಬ್ಲೌಸ್ ಹೊಲಿಯುವವಳ ಕಣ್ಣಲ್ಲಿ

ದಾವಣಗೆರೆಯಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಸೀರೆ ಮಾರುವಾಗ ಅಂಗಡಿಯವರು ಏನೇನು ಹೇಳಿದರು ಅಂತ ನಾನು ಕೇಳೋಕೆ ಹೋಗುವುದಿಲ್ಲ. ಮಿಷನ್ ಮೇಲೆ ಬಂದಾಗ ಸೀರೆಯೇ ಎಲ್ಲ ಹೇಳಿಬಿಡುತ್ತದೆ. ಹಾಗಾಗಿ ಅಕ್ಕನ ಮಗಳು "ಧಾರೆ ಸೀರೆಗೆ ಆ ಹೊಸ ಅಂಗಡಿಗೆ ಹೋಗೋಣ, ನೀನೂ ಬಾ ಚಿಕ್ಕಮ್ಮ" ಅಂದಾಗ ಅರೆಮನಸ್ಸಿನಲ್ಲೇ ಹೊರಟೆ. ಗಾಜಿನ ಬಾಗಿಲು, ಒಳಗೆ ಎಸಿ. ಇಂಥ ಕಡೆ ನಮಗೆ ಚಪ್ಪಲಿ ಎಲ್ಲಿ ಬಿಡೋದು ಅನ್ನೋದೇ ಮೊದಲ ಚಿಂತೆ. ಬಿಡೋದು ಬೇಡವಂತೆ.

ಅಂಗಡಿ ಹೆಸರು ಬರೆಯುವುದಿಲ್ಲ. ಕೆಳಗೆ ಒಂದು ದೂರು ಇದೆ, ಅದಕ್ಕೆ.

ನಮ್ಮೂರ ಬಟ್ಟೆ ಅಂಗಡಿಗಳ ಬೀದಿ ಚೌಕಿಪೇಟೆ ಕಡೆ ಸೀರೆ ತೆಗೆಯೋದು ಹೇಗೆ ಅಂತ ನಿಮಗೆ ಗೊತ್ತು. ಗಾದಿ ಮೇಲೆ ಕೂರಿಸುತ್ತಾರೆ, ಟೀ ಬರುತ್ತದೆ, ಹುಡುಗ ಒಂದರ ಮೇಲೊಂದು ಬಿಚ್ಚಿ ಎಸೆಯುತ್ತಾ ಹೋಗುತ್ತಾನೆ. ನಲವತ್ತನೇ ಸೀರೆ ಹೊತ್ತಿಗೆ ಮೊದಲನೆಯದು ಯಾವ ಬಣ್ಣದ್ದು ಅಂತಲೇ ಮರೆತಿರುತ್ತದೆ. ಇಲ್ಲಿ ಹತ್ತು ನಿಮಿಷ ಒಂದು ಸೀರೆಯನ್ನೂ ಬಿಚ್ಚಲಿಲ್ಲ. ಮ್ಯಾನೇಜರ್ ಒಬ್ಬ ಹೆಂಗಸು, ನಲವತ್ತರ ಆಸುಪಾಸು. ಮದುಮಗಳ ಪಕ್ಕ ಬಂದು ಕೂತರು. ಮುಹೂರ್ತ ಎಷ್ಟು ಹೊತ್ತಿಗೆ? ಛತ್ರದ ಒಳಗಾ, ಹೊರಗೆ ಪೆಂಡಾಲಾ? ಸೀರೆ ಉಡಿಸೋರು ಯಾರು? ಒಡವೆ ಅಮ್ಮಂದಾ, ಹೊಸದಾ? ನಮ್ಮಕ್ಕ ಸುಮ್ನೆ ಇರ್ತಾಳಾ, "ಮೊದ್ಲು ಸೀರೆ ತೋರ್ಸಮ್ಮ" ಅಂದಳು. ಆಕೆ ನಕ್ಕು, "ತೋರಿಸ್ತೀನಿ ಅಕ್ಕಾ, ಆರೇ ಆರು" ಅಂದರು.

ಆರು ಬಂದವು. ಮೂರನೆಯದರ ಮೇಲೆ ಹುಡುಗಿ ಕೈ ಇಟ್ಟಳು.

ಅದು ಮೊಳಕಾಲ್ಮೂರು. ಎಳೆ ಹಸಿರು ಒಡಲು, ಕುಂಕುಮ ಬಣ್ಣದ ಅಂಚು, ಅಂಚಲ್ಲಿ ನವಿಲು. ನಾನು ನವಿಲು ನೋಡಲಿಲ್ಲ, ಸೀರೆ ಮಗುಚಿ ಹಾಕಿದೆ. ಒಳ್ಳೆಯ ಕೈಮಗ್ಗದ್ದಾದರೆ ಎರಡೂ ಕಡೆ ಅಂಚಿಗೆ ಒಂದೊಂದು, ಒಡಲಿಗೆ ಒಂದು ಅಂತ ಮೂರು ಲಾಳಿ ಓಡಿರುತ್ತದೆ. ಅಂಚಿನ ಹೊಕ್ಕೂ (ಅಡ್ಡ ಎಳೆ) ಒಡಲಿನ ಹೊಕ್ಕೂ ಒಂದನ್ನೊಂದು ಹಿಡಿದುಕೊಳ್ಳುವ ಜಾಗ ಹಿಂಬದಿಯಲ್ಲಿ ಬೆರಳಿಗೆ ಸಿಗುತ್ತದೆ, ಹಳೇ ಗಾಯದ ಗೆರೆ ಥರ. ಅಂಚಿನ ಕೆಂಪೊಳಗೆ ಒಡಲಿನ ಹಸಿರು ಒಂದೆಳೆಯೂ ಇಣುಕುವುದಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದೆ. ಸಿಕ್ಕಿತು. ಕಣ್ಣು ಬಿಟ್ಟರೆ ಆಕೆ ನನ್ನ ಕೈಯನ್ನೇ ನೋಡುತ್ತಿದ್ದರು. "ನೀವು ಟೈಲರಾ?" ಅಂದರು.

ಆಮೇಲೆ ಸೀರೆಯನ್ನು ಕಿಟಕಿ ಹತ್ತಿರ ತಗೊಂಡು ಹೋದರು. ಅಲ್ಲೊಂದು ಬೆಂಚು, ಮುಂದೆ ದೊಡ್ಡ ಕನ್ನಡಿ, ಮೇಲೆ ಲೈಟೇ ಇಲ್ಲ. ಇದು ನನಗೆ ತುಂಬಾ ಹಿಡಿಸಿತು. ಹಳದಿ ದೀಪದ ಕೆಳಗೆ ಎಂಥ ಜರಿಯೂ ಚಿನ್ನವೇ. ಹೊರಗೆ ಬಂದು ನೋಡಿ, ಮರೂನ್ ಅಂತ ತಂದದ್ದು ಕಂದು ಬಣ್ಣ ಆಗಿರುತ್ತದೆ, ಬಂದು ಮ್ಯಾಚಿಂಗ್ ದಾರ ಸಿಗಲಿಲ್ಲ ಅಂತ ನನ್ನನ್ನು ಬೈಯುತ್ತಾರೆ. ಅಕ್ಕ ಇನ್ನೊಂದು ಸೀರೆ ಎತ್ತಿಕೊಂಡಾಗ ಆಕೆಯೇ ಹೇಳಿದರು: "ಅದು ಟೆಸ್ಟೆಡ್ ಜರಿ ಅಕ್ಕಾ, ಒಳಗೆ ತಾಮ್ರ. ಬರ್ತಾ ಬರ್ತಾ ಕಪ್ಪಾಗುತ್ತೆ. ಇದರಲ್ಲಿರೋದು ಬೆಳ್ಳಿ, ಮೇಲೆ ಚಿನ್ನದ ನೀರು." ಶುದ್ಧ ರೇಷ್ಮೆ ಅಂತ ಹೇಳುವ ಸಿಲ್ಕ್ ಮಾರ್ಕ್ ಚೀಟಿ ಇತ್ತು. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಜಿಐ, ಅಂದರೆ ಆ ಊರಿನದೇ ಸೀರೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿದ್ದನ್ನೂ ಹೇಳಿದರು. ಪಕ್ಕದ ಜಿಲ್ಲೆಯ ಸೀರೆ, ನಾನೇ ಎಷ್ಟೋ ಬ್ಲೌಸ್ ಹೊಲಿದಿದ್ದೇನೆ, ನನಗೆ ಇದು ಗೊತ್ತಿರಲಿಲ್ಲ ನೋಡಿ.

ಬೆಲೆ 18,500. ಚೌಕಾಸಿ ಇಲ್ಲ. ಅಕ್ಕ ಮೂರು ಸಲ ಕೇಳಿದಳು, ಮೂರು ಸಲವೂ ಅದೇ ನಗು, ಅದೇ ರೇಟು.

ಬಿಲ್ ಆಗುವಷ್ಟರಲ್ಲಿ ಮಾತಿಗೆ ಸಿಕ್ಕರು. ಹರಿಹರದ ಕಡೆಯವರು. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಹೋಗಿದ್ದು ಯುಬಿ ಸಿಟಿ ಮಾಲ್ ತೆರೆದ ವರ್ಷ, 2008. ಫಾರಿನ್ ಬ್ಯಾಗಿನ ಅಂಗಡಿಯೊಂದರಲ್ಲಿ ಸೇಲ್ಸ್ ಕೆಲಸ. ಎರಡು ವರ್ಷ ಗಾಜು ಒರೆಸಿದ್ದು, ಬ್ಯಾಗಿನೊಳಗೆ ಕಾಗದ ತುಂಬಿದ್ದು, ಅಷ್ಟೇ. ಆಮೇಲೆ ಶೋಕೇಸ್ ಜೋಡಿಸುವ ಕೆಲಸ, ಅದಕ್ಕೆ ವಿಷುವಲ್ ಮರ್ಚಂಡೈಸಿಂಗ್ ಅಂತಾರಂತೆ. ಕೊನೆಗೆ ಒಂದು ಅಂಗಡಿಯ ಪೂರ್ತಿ ಉಸ್ತುವಾರಿ. ಅಮ್ಮನಿಗೆ ಹುಷಾರಿಲ್ಲ ಅಂತ ವಾಪಸ್ ಬಂದವರು ಇದನ್ನು ವಹಿಸಿಕೊಂಡರು. "ನೀವು ಬಟ್ಟೆಗೆ ಕತ್ತರಿ ಹಾಕ್ತೀರಿ, ನಾನು ರಾಶಿಗೆ ಹಾಕ್ತೀನಿ. ಆರು ತೋರಿಸ್ಬೇಕು ಅಂದ್ರೆ ಅರವತ್ತು ಪಕ್ಕಕ್ಕಿಡ್ಬೇಕು" ಅಂದರು.

ಅಂಗಡಿಯನ್ನು ಸಣ್ಣ ಸಣ್ಣ ಕೋಣೆಗಳಾಗಿ ಒಡೆದಿದ್ದಾರೆ: ಇಳಕಲ್ ಒಂದು ಕಡೆ, ಮೈಸೂರು ಸಿಲ್ಕ್ ಒಂದು ಕಡೆ. ಈ ಉಪಾಯ ಎಲ್ಲಿಂದ ಬಂತು ಅಂದೆ. ನ್ಯೂಯಾರ್ಕಿನ ಹೆನ್ರಿ ಬೆಂಡೆಲ್ ಅನ್ನೋ ಅಂಗಡಿಗೆ 1957ರಲ್ಲಿ ಜೆರಾಲ್ಡಿನ್ ಸ್ಟಟ್ಸ್ ಎಂಬಾಕೆ ಅಧ್ಯಕ್ಷೆ ಆದರಂತೆ. ಕೆಳಗಿನ ಮಹಡಿಯನ್ನೇ ಪುಟ್ಟ ಅಂಗಡಿಗಳ ಒಂದು ಬೀದಿ ಮಾಡಿಬಿಟ್ಟರಂತೆ. ಅದು ನಮ್ಮ ಚೌಕಿಪೇಟೆಯೇ ಅಲ್ವಾ ಅಂದೆ. ಆಕೆಗೆ ನಗು ತಡೆಯಲಾಗಲಿಲ್ಲ. ಕೊಲ್ಲಾಪುರದ ಲೀನಾ ನಾಯರ್ 2022ರಿಂದ ಶನೆಲ್ ಅನ್ನೋ ಫಾರಿನ್ ಫ್ಯಾಷನ್ ಕಂಪನಿಯ ಸಿಇಒ ಆಗಿರುವುದನ್ನು ನಮ್ಮ ಹುಡುಗಿ ನೆನಪಿಸಿದಳು. ಕೊಲ್ಲಾಪುರ ಅಂದರೆ ನಮಗೆ ಚಪ್ಪಲಿ ಮಾತ್ರ ಗೊತ್ತಿತ್ತು.

ಇನ್ನೊಂದು ಕಂಡಿದ್ದು. ಕೌಂಟರ್ ಹಿಂದೆ ಸ್ಟೂಲುಗಳಿದ್ದವು, ಗಿರಾಕಿ ಇಲ್ಲದಾಗ ಹುಡುಗಿಯರು ಕೂರುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಂಡು, ಸಂಜೆ ನನ್ನ ಹತ್ತಿರ ಅಳತೆ ಕೊಡೋಕೆ ಬರುವ ಹುಡುಗಿಯರನ್ನು ನೋಡಿದ್ದೇನೆ. ಕೂರಲು ಬಿಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ಮಾಡಿವೆ. ಇಲ್ಲಿ ಯಾರೂ ಕೇಳದೆಯೇ ಸ್ಟೂಲು ಬಂದಿದೆ.

ಈಗ ದೂರು. ಫಾಲ್ (ಸೀರೆಯ ಕೆಳಗಿನ ಅಂಚಿಗೆ ಒಳಗಿನಿಂದ ಹಚ್ಚುವ ಬಟ್ಟೆಪಟ್ಟಿ), ಪಿಕೋ (ಎಳೆ ಬಿಚ್ಚದಂತೆ ತುದಿ ಹೊಲಿಯೋದು) ಅವರೇ ಮಾಡಿಸಿಕೊಡುತ್ತಾರೆ, 350 ರೂಪಾಯಿ. ಅಕ್ಕ ನನಗೆ ತೊಂದರೆ ಯಾಕೆ ಅಂತ ಅಲ್ಲೇ ಕೊಟ್ಟಳು. ನಾಲ್ಕು ದಿನ ಅಂದಿದ್ದು ಒಂಬತ್ತು ದಿನ ಆಯಿತು. ಮನೆಗೆ ತಂದು ಫಾಲ್ ಮೇಲೆ ಸ್ವಲ್ಪ ನೀರು ಚಿಮುಕಿಸಿ ಇಸ್ತ್ರಿ ಹಾಕಿದೆ. ಅಂಚು ಹಪ್ಪಳದ ಹಾಗೆ ಮುದುರಿಕೊಂಡಿತು. ಹತ್ತಿ ಫಾಲನ್ನು ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಹಚ್ಚಬೇಕು. ಮೊದಲೇ ಕುಗ್ಗಿಸದಿದ್ದರೆ ಆಮೇಲೆ ಕುಗ್ಗಿ ಅಂಚನ್ನು ಎಳೆಯುತ್ತದೆ. ನನ್ನ ಹತ್ತಿರ ಕಲಿಯೋಕೆ ಬರುವ ಹುಡುಗಿಗೂ ಇದು ಮೊದಲ ವಾರದ ಪಾಠ. 18,500ರ ಸೀರೆ, ಕಿಟಕಿ ಬೆಳಕು, ನ್ಯೂಯಾರ್ಕು, ಎಲ್ಲ ಸರಿ. ಒಂದು ಬಕೆಟ್ ನೀರು ಇರಲಿಲ್ವಾ?

ಫೋನ್ ಮಾಡಿ ಜೋರಾಗಿಯೇ ಹೇಳಿದೆ. ಆಕೆ ವಾದ ಮಾಡಲಿಲ್ಲ, ಸಂಜೆ ಸ್ಕೂಟಿಯಲ್ಲಿ ನಮ್ಮ ಮನೆಗೇ ಬಂದರು. ನಾನು ಫಾಲ್ ಬಿಚ್ಚುತ್ತಿದ್ದೆ. ಎದುರು ಕೂತು ತಾವೂ ಒಂದು ತುದಿಯಿಂದ ಬಿಚ್ಚಿದರು. ಸೂಜಿ ಹಿಡಿದ ರೀತಿ ನೋಡಿದರೆ ಆ ಕೆಲಸ ಗೊತ್ತಿಲ್ಲದವರು, ಆದರೆ ರೇಷ್ಮೆಗೆ ಒಂದು ಗೀರು ಬೀಳಲಿಲ್ಲ. 350 ವಾಪಸ್ ಕೊಟ್ಟರು. ಹೊರಗೆ ಕೊಡುತ್ತಿದ್ದ ಆ ಕೆಲಸವನ್ನು ಇನ್ನು ಮೇಲೆ ನೀವೇ ಮಾಡಿಕೊಡ್ತೀರಾ ಅಂತ ಕೇಳಿದರು.

ಆದ್ದರಿಂದ ಈ ವಿಮರ್ಶೆಯಲ್ಲಿ ನನ್ನ ಸ್ವಾರ್ಥವೂ ಇದೆ ಅಂದುಕೊಂಡೇ ಓದಿ. ಸೀರೆಗೆ 150 ಕೇಳಿದ್ದೇನೆ. ಚೌಕಾಸಿ ಇಲ್ಲದ ಅಂಗಡಿಯ ಮ್ಯಾನೇಜರ್ 120 ಅಂತ ಕೂತಿದ್ದಾರೆ.